ದೊಡ್ಡಸಂಪಿಗೆಯ ಬುಡಕ್ಕೆ ರಸ್ತೆ ಬೇಡ

ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿಬಂದವರು ನಮ್ಮ ಚಿಕಿತ್ಸಾಲಯದಲ್ಲಿ ಕುಳಿತು ಎರಡು ಮಾತುಗಳನ್ನು ತಪ್ಪದೆ ಕೇಳುತ್ತಾರೆ. ದೊಡ್ಡಸಂಪಿಗೆ ಮರದ ಬುಡದವರೆಗೂ ಕಾರು ಹೋಗುವಂತೆ ಒಂದು ರಸ್ತೆ ಮಾಡಿಸಬಾರದೇ ಎಂಬುದು ಮೊದಲನೆಯದು. ಆ ಮರದ ತೊಗಟೆ ಯಾವ ರೋಗಕ್ಕೆ ಒಳ್ಳೆಯದು ಎಂಬುದು ಎರಡನೆಯದು. ಕೇಳುವವರು ಕೆಟ್ಟವರಲ್ಲ. ಮಂಡಿನೋವಿನಿಂದ ಬಳಲುವವರು, ಮಧುಮೇಹಕ್ಕೆ ಹತ್ತು ಬಗೆಯ ಚೂರ್ಣ ಸೇವಿಸಿ ಬೇಸತ್ತವರು, ಮರವನ್ನು ಭಕ್ತಿಯಿಂದಲೇ ಕಂಡುಬಂದವರು. ಆದರೂ ಎರಡು ಪ್ರಶ್ನೆಗಳಿಗೂ ನಮ್ಮ ಉತ್ತರ ಬೇಡವೆಂಬುದೇ. ಏಕೆ ಬೇಡ ಎಂಬುದನ್ನು ಔಷಧದ ಚೀಟಿ ಬರೆಯುವ ಐದು ನಿಮಿಷಗಳಲ್ಲಿ ಹೇಳಿ ಮುಗಿಸಲಾಗದ ಕಾರಣ, ಈ ತಿಂಗಳ ಆರೋಗ್ಯ ವಿಭಾಗದ ಪುಟಗಳನ್ನು ಅದಕ್ಕೇ ಬಳಸಿಕೊಳ್ಳುತ್ತಿದ್ದೇವೆ.

ಕಂಡಿರದ ವಾಚಕರಿಗಾಗಿ ಸ್ಥಳದ ಪರಿಚಯ ಅಗತ್ಯ. ಚಾಮರಾಜನಗರ ಜಿಲ್ಲೆಯ ಈ ಬೆಟ್ಟಸಾಲು ಪಶ್ಚಿಮ ಘಟ್ಟವನ್ನೂ ಪೂರ್ವ ಘಟ್ಟವನ್ನೂ ಬೆಸೆಯುವ ಸೇತುವೆಯಂತಿದೆ. ತಪ್ಪಲಿನಲ್ಲಿ ಮುಳ್ಳಿನ ಕುರುಚಲು, ಮೇಲೇರಿದಂತೆ ಎಲೆಯುದುರುವ ಕಾಡು, ಇನ್ನೂ ಮೇಲಿನ ಕಣಿವೆಗಳಲ್ಲಿ ನಿತ್ಯಹಸುರಿನ ಶೋಲ, ಅದರಾಚೆ ಹುಲ್ಲುಗಾವಲು. ಒಂದೇ ದಿನದ ಪಯಣದಲ್ಲಿ ಇಷ್ಟನ್ನೂ ಕಾಣಬಹುದಾದ ಬೆಟ್ಟ ನಮ್ಮ ನಾಡಿನಲ್ಲಿ ಹೆಚ್ಚಿಲ್ಲ. 1974ರಲ್ಲಿ ವನ್ಯಜೀವಿಧಾಮವಾದ ಈ ಪ್ರದೇಶ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ವಿಸ್ತಾರ ಸುಮಾರು 540 ಚದರ ಕಿಲೋಮೀಟರು. ಇದರೊಳಗೆ ಭಾರ್ಗವಿ ಎಂಬ ಹೊಳೆ ಹರಿಯುವೆಡೆ ದೊಡ್ಡಸಂಪಿಗೆ ನಿಂತಿದೆ. ಅರಣ್ಯ ಇಲಾಖೆಯ ಅನುಮತಿ ಪಡೆದು, ದಾರಿ ಬಲ್ಲವರೊಬ್ಬರನ್ನು ಮುಂದಿಟ್ಟುಕೊಂಡು, ವಾಹನವನ್ನು ಹಿಂದೆ ಬಿಟ್ಟು, ಸ್ವಲ್ಪ ದೂರ ಕಾಲ್ನಡಿಗೆಯಲ್ಲಿ ಇಳಿದರೆ ಮರ ಎದುರಾಗುತ್ತದೆ.

ಎದುರಾಗುತ್ತದೆ ಎಂದೆವು, ಮೊದಲಿಗೆ ಅದು ಮರವೆಂದು ತಿಳಿಯುವುದೇ ಇಲ್ಲ. ಮನೆಯಂಗಳದ ಸಂಪಿಗೆಯನ್ನು, ಹೂವಿನಂಗಡಿಯ ಸಂಪಿಗೆಯನ್ನು ಮಾತ್ರ ಬಲ್ಲ ಕಣ್ಣಿಗೆ ಆ ಬುಡ ಬಂಡೆಯಂತೆ, ಹಳೆಯ ಕೋಟೆಯ ಮೂಲೆಯಂತೆ ತೋರುತ್ತದೆ. ಗಂಟುಗಂಟಾಗಿ ಉಬ್ಬಿದ ಬೇರುಗಳ ನಡುವೆ ಲಿಂಗಾಕಾರದ ಕಲ್ಲುಗಳ ಸಾಲು. ಅದು ಸೋಲಿಗರ ಪೂಜಾಸ್ಥಳ. ತಲೆಯೆತ್ತಿ ನೋಡುತ್ತ ಕುತ್ತಿಗೆ ನೋಯತೊಡಗಿದ ಮೇಲೆಯೇ ಇದು ನಾವು ಮುಡಿಯುವ ಹೂವಿನ ಮರ ಎಂಬ ಅರಿವು ಮೂಡುತ್ತದೆ. ವಯಸ್ಸು ಆರುನೂರು ವರ್ಷ ಎನ್ನುವವರುಂಟು, ಎರಡು ಸಾವಿರ ಎನ್ನುವವರೂ ಉಂಟು. ನಮಗೆ ಆ ಲೆಕ್ಕದಲ್ಲಿ ಅಷ್ಟು ಆಸಕ್ತಿಯಿಲ್ಲ. ಸಂಪಿಗೆಯ ಕುಲದ ಪ್ರಾಚೀನತೆ ಅದಕ್ಕಿಂತ ಬೆರಗಿನದು. ಸಸ್ಯಶಾಸ್ತ್ರಜ್ಞರು ಮ್ಯಾಗ್ನೋಲಿಯಾ ಎಂದು ಕರೆಯುವ ಈ ಕುಟುಂಬ ಹೂಬಿಡುವ ಸಸ್ಯಗಳ ಅತಿ ಹಳೆಯ ಮನೆತನಗಳಲ್ಲೊಂದು. ಜೇನುಹುಳುಗಳಿಗಿಂತ ಮೊದಲಿನಿಂದಲೂ ಜೀರುಂಡೆಗಳನ್ನು ನಂಬಿ ಪರಾಗಸ್ಪರ್ಶ ನಡೆಸಿಕೊಂಡು ಬಂದ ವಂಶವದು. ಅಂಥ ವಂಶದ ಒಬ್ಬ ಹಿರಿಯ ತಾನು ಮೊಳೆತ ಜಾಗದಲ್ಲಿಯೇ ನಿಂತು ನಮ್ಮನ್ನು ಬರಮಾಡಿಕೊಳ್ಳುತ್ತಿದ್ದಾನೆ.

ಈಗ ನಡಿಗೆಯ ಮಾತು. ಸುಶ್ರುತರು ಚಂಕ್ರಮಣ ಎಂಬ ಹೆಸರಿನಲ್ಲಿ ಹೇಳುವ ನಡಿಗೆಯೊಂದಿದೆ. ದೇಹವನ್ನು ಅತಿಯಾಗಿ ಪೀಡಿಸದ, ಹಿತವಾದ ಅಡ್ಡಾಟವದು. ಆಯುಸ್ಸು, ಬಲ, ಮೇಧೆ, ಅಗ್ನಿಗಳನ್ನು ವರ್ಧಿಸಿ ಇಂದ್ರಿಯಗಳನ್ನು ಎಚ್ಚರಗೊಳಿಸುತ್ತದೆ ಎಂಬುದು ಅವರ ಅಭಿಪ್ರಾಯ. ಇಂದ್ರಿಯಗಳನ್ನು ಎಚ್ಚರಗೊಳಿಸುವುದು ಎಂಬ ಮಾತನ್ನು ನಾವು ವಿದ್ಯಾರ್ಥಿಗಳಾಗಿದ್ದಾಗ ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದಿದ್ದೆವು. ಅದರ ಅರ್ಥವನ್ನು ತಿಳಿಸಿಕೊಟ್ಟದ್ದು ಇಂಥ ಕಾಡುದಾರಿಗಳೇ. ನಗರದ ಉದ್ಯಾನವನದಲ್ಲಿ ಸುತ್ತು ಹಾಕುವವರು ಕಿವಿಗೆ ತಂತಿ ಸಿಕ್ಕಿಸಿಕೊಂಡು, ಕೈಗಡಿಯಾರದಲ್ಲಿ ಹೆಜ್ಜೆಯ ಎಣಿಕೆ ನೋಡುತ್ತ ನಡೆಯುತ್ತಾರೆ. ಕಾಲು ನಡೆಯುತ್ತದೆ, ಉಳಿದುದೆಲ್ಲ ಮಲಗಿರುತ್ತದೆ. ಕಾಡಿನಲ್ಲಿ ಅದು ಸಾಧ್ಯವಿಲ್ಲ. ಬೇರು ಎಡವುತ್ತದೆ, ತರಗೆಲೆ ಜಾರುತ್ತದೆ, ಎಲ್ಲೋ ಕೊಂಬೆ ಮುರಿದ ಸದ್ದಾದರೆ ಮುಂದಿರುವ ಸೋಲಿಗರವರು ಕೈಯೆತ್ತಿ ನಿಲ್ಲಿಸುತ್ತಾರೆ. ಆನೆಯ ಲದ್ದಿ ಹಸಿಯೋ ಒಣಗಿದ್ದೋ ಎಂದು ಅವರು ನೋಡುವಾಗ ನಾವೂ ನೋಡುತ್ತೇವೆ. ಮೂಗು, ಕಿವಿ, ಕಣ್ಣು, ಅಂಗಾಲು ಎಲ್ಲವೂ ಒಟ್ಟಿಗೆ ಕೆಲಸಕ್ಕೆ ಹತ್ತುತ್ತವೆ. ಮನೆಯೊಳಗೆ ದೂರದರ್ಶನದ ಮುಂದೆ ಕುಳಿತೇ ವರ್ಷಗಳನ್ನು ಕಳೆದ ಹಿರಿಯರಿಗೆ ಈ ಎಚ್ಚರಕ್ಕಿಂತ ಮಿಗಿಲಾದ ರಸಾಯನವನ್ನು ನಾವು ಕೊಡಲಾರೆವು.

ಇದನ್ನೇ ಜಪಾನಿನವರು 1982ರಲ್ಲಿ ಶಿನ್ರಿನ್-ಯೋಕು, ಅಂದರೆ ಕಾಡಿನ ಸ್ನಾನ, ಎಂದು ಕರೆದು ಪ್ರಚಾರ ಮಾಡಿದರು. ಅಲ್ಲಿನ ಅರಣ್ಯ ಇಲಾಖೆಯೇ ಜನರನ್ನು ಕಾಡಿಗೆ ಕರೆದು ನಡೆಸಿತು; ವೈದ್ಯರು ನಾಡಿ, ರಕ್ತದೊತ್ತಡ ಅಳೆದರು. ಅಮೆರಿಕದ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದವರನ್ನು ಕುರಿತು ರೋಜರ್ ಉಲ್ರಿಚ್ ಎಂಬ ವಿದ್ವಾಂಸರು 1984ರಲ್ಲಿ ಪ್ರಕಟಿಸಿದ ಅಧ್ಯಯನವೂ ಪ್ರಸಿದ್ಧವಾದುದು. ಕಿಟಕಿಯಿಂದ ಮರಗಳು ಕಾಣುವ ಕೋಣೆಯಲ್ಲಿದ್ದ ರೋಗಿಗಳು ಇಟ್ಟಿಗೆಯ ಗೋಡೆ ಕಾಣುವ ಕೋಣೆಯವರಿಗಿಂತ ಬೇಗ ಮನೆಗೆ ಮರಳಿದರು. ಪ್ರಬಲವಾದ ನೋವುನಿವಾರಕಗಳನ್ನೂ ಕಡಿಮೆ ಕೇಳಿದರು. ಬರೀ ಕಿಟಕಿಯಿಂದ ಕಂಡದ್ದಕ್ಕೆ ಇಷ್ಟು ಫಲ! ನಮ್ಮವರಿಗೆ ಇದೆಲ್ಲ ಹೊರದೇಶದಿಂದ ಬಂದರೇ ನಂಬಿಕೆ ಹುಟ್ಟುತ್ತದೆ. ಅದಿರಲಿ. ಬಿಳಿಗಿರಿರಂಗನಿಗೆ ಅರ್ಪಿಸುವ ಬಹುದೊಡ್ಡ ಪಾದರಕ್ಷೆಗಳನ್ನು ಬೆಟ್ಟಕ್ಕೆ ಹೋದವರೆಲ್ಲ ಬಲ್ಲರು. ಸ್ವಾಮಿ ಕಾಡಿನಲ್ಲಿ ಸಂಚರಿಸಿ ಅವನ್ನು ಸವೆಸುತ್ತಾನೆಂಬುದು ಜನರ ನಂಬಿಕೆ. ದೇವರೇ ನಡೆದು ಚಪ್ಪಲಿ ಸವೆಸುವ ಬೆಟ್ಟದಲ್ಲಿ ಭಕ್ತನಿಗೆ ಮರದ ಬುಡದವರೆಗೆ ಕಾರು ಬೇಕಾಗಿದೆ.

ಹಾಗೆಂದು ಎಲ್ಲರೂ ನುಗ್ಗಿ ನಡೆಯಬೇಕೆಂದು ನಾವು ಹೇಳುತ್ತಿಲ್ಲ. ವಾಗ್ಭಟರು ವ್ಯಾಯಾಮಕ್ಕೆ ಅರ್ಧಶಕ್ತಿಯ ಮಿತಿಯನ್ನು ಹಾಕಿದ್ದಾರೆ. ಬಲಶಾಲಿಯೂ ಸ್ನಿಗ್ಧ ಆಹಾರ ಉಣ್ಣುವವನೂ ಆದವನು ಚಳಿಗಾಲದಲ್ಲಿ ಹಾಗೂ ವಸಂತದಲ್ಲಿ ತನ್ನ ಶಕ್ತಿಯ ಅರ್ಧದಷ್ಟನ್ನು ಮಾತ್ರ ಬಳಸಬೇಕು. ಉಳಿದ ಋತುಗಳಲ್ಲಿ ಅದಕ್ಕಿಂತಲೂ ಕಡಿಮೆ. ಹಣೆಯಲ್ಲಿ ಬೆವರು ಮೂಡಿ ಬಾಯಿ ಒಣಗತೊಡಗಿದರೆ ಅರ್ಧಶಕ್ತಿ ಮುಗಿಯಿತೆಂದು ತಿಳಿಯುವುದು ಸಂಪ್ರದಾಯ. ಮಿತಿ ಮೀರಿದವನು ಆನೆಯನ್ನು ಎಳೆಯಹೊರಟ ಸಿಂಹದಂತೆ ನಾಶವಾಗುತ್ತಾನೆ ಎಂಬ ಉಪಮೆಯನ್ನೂ ಅವರು ಕೊಡುತ್ತಾರೆ. ಆನೆಗಳಿರುವ ಕಾಡಿನಲ್ಲಿ ಈ ಉಪಮೆ ನೆನಪಿರುವುದು ಒಳ್ಳೆಯದು. ಇಲ್ಲಿ ಇನ್ನೊಂದು ಸೂಕ್ಷ್ಮವುಂಟು. ದೊಡ್ಡಸಂಪಿಗೆಗೆ ಹೋಗುವಾಗ ಇಳಿಜಾರು, ಬರುವಾಗ ಏರು. ಇಳಿಯುವುದು ಸುಲಭವೆಂದು ಎಲ್ಲರೂ ಭಾವಿಸುತ್ತಾರೆ. ಹೃದಯಕ್ಕೆ ಅದು ನಿಜ, ಮಂಡಿಗೆ ಅಲ್ಲ. ಇಳಿಯುವಾಗ ಮಂಡಿಚಿಪ್ಪಿನ ಮೇಲೆ ಬೀಳುವ ಒತ್ತಡ ಹೆಚ್ಚು. ಆದ್ದರಿಂದ ಮಂಡಿ ಸವೆದವರಿಗೆ ಹೋಗುವ ದಾರಿಯೂ, ಹೃದ್ರೋಗಿಗಳಿಗೆ ಮರಳುವ ದಾರಿಯೂ ಕಷ್ಟದ್ದು. ಮರವನ್ನು ಕಂಡಾಗ ಅರ್ಧಶಕ್ತಿ ಉಳಿದಿದೆಯೇ ಎಂದು ಕೇಳಿಕೊಳ್ಳುವುದಲ್ಲ; ಹೊರಡುವ ಮೊದಲೇ ಕೇಳಿಕೊಳ್ಳಬೇಕು.

ಮಂಡಿನೋವಿನವರ ಅಹವಾಲು ಇಲ್ಲಿಂದಲೇ ಹುಟ್ಟುತ್ತದೆ. ನಡೆಯಬಲ್ಲವರಿಗೆ ಮಾತ್ರ ದರ್ಶನ, ನಮಗೇಕಿಲ್ಲ ಎಂದು ಅವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಎಪ್ಪತ್ತೈದರ ತಾಯಿಯೊಬ್ಬರು ಕಣ್ಣು ಮುಚ್ಚುವ ಮೊದಲು ಒಮ್ಮೆ ಅದನ್ನು ನೋಡಬೇಕಪ್ಪ ಎಂದಾಗ ಇಲ್ಲವೆನ್ನುವುದು ಯಾವ ವೈದ್ಯನಿಗೂ ಸುಲಭವಲ್ಲ. ಆದರೆ ರಸ್ತೆ ಬಂದರೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ.

ದೊಡ್ಡ ಮರದ ಬೇರು ಪಾತಾಳಕ್ಕೆ ಇಳಿದಿರುತ್ತದೆ ಎಂಬುದು ನಮ್ಮೆಲ್ಲರ ಕಲ್ಪನೆ. ನಿಜಕ್ಕೂ ಆಹಾರವನ್ನೂ ನೀರನ್ನೂ ಹೀರುವ ನವುರಾದ ಬೇರುಗಳ ಬಹುಪಾಲು ಮೇಲ್ಮಣ್ಣಿನ ಒಂದೆರಡು ಅಡಿಗಳಲ್ಲಿಯೇ ಹರಡಿರುತ್ತವೆ. ಅವು ಕೊಂಬೆಗಳ ನೆರಳು ಬೀಳುವ ಸೀಮೆಯನ್ನೂ ದಾಟಿ ಹೋಗಿರುತ್ತವೆ. ಅವು ಉಸಿರಾಡುತ್ತವೆ. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿರುವ ಗಾಳಿಯೇ ಅವುಗಳ ಉಸಿರು. ವಾಹನದ ಗಾಲಿ ಒಂದು ಮಳೆಗಾಲ ಆ ಮಣ್ಣಿನ ಮೇಲೆ ಓಡಾಡಿದರೆ ಸಂದುಗಳು ಮುಚ್ಚಿಹೋಗುತ್ತವೆ. ಸಾವಿರಾರು ಜನರ ಕಾಲುಗಳೂ ನಿಧಾನವಾಗಿ ಅದನ್ನೇ ಮಾಡುತ್ತವೆ. ಮೇಲಿನಿಂದ ನೋಡಿದರೆ ಮರ ಹಸಿರಾಗಿಯೇ ಇರುತ್ತದೆ. ನಾಲ್ಕಾರು ವರ್ಷಗಳ ಬಳಿಕ ತುದಿಯ ಕೊಂಬೆಗಳು ಒಣಗತೊಡಗಿದಾಗ ಯಾರೂ ರಸ್ತೆಯನ್ನು ನೆನೆಯುವುದಿಲ್ಲ. ದೃಷ್ಟಿ ತಗುಲಿತು ಎನ್ನುತ್ತಾರೆ, ಮುಪ್ಪು ಎನ್ನುತ್ತಾರೆ. ರಸ್ತೆಯ ಹಿಂದೆ ವಾಹನ ನಿಲುಗಡೆ ಬರುತ್ತದೆ, ಅದರ ಹಿಂದೆ ಚುರುಮುರಿ ಅಂಗಡಿ, ಶೌಚಾಲಯ, ಪ್ಲಾಸ್ಟಿಕ್ಕು. ಕೊನೆಗೆ ಭಕ್ತರೊಬ್ಬರು ಸ್ವಂತ ಖರ್ಚಿನಲ್ಲಿ ಮರದ ಸುತ್ತ ಸಿಮೆಂಟಿನ ಕಟ್ಟೆ ಕಟ್ಟಿಸಿ, ತಂದೆತಾಯಿಯರ ಹೆಸರು ಕೆತ್ತಿಸುತ್ತಾರೆ. ನಮ್ಮ ಊರೂರುಗಳ ಅರಳಿ ಬೇವುಗಳಿಗೆ ಈ ಭಕ್ತಿಯಿಂದ ಆಗಿರುವ ಉಸಿರುಕಟ್ಟನ್ನು ಕಣ್ಣಾರೆ ಕಂಡವರು ಇದನ್ನು ಅತಿಶಯೋಕ್ತಿ ಎನ್ನಲಾರರು.

ಬೆಂಗಳೂರಿನ ಸಮೀಪ ಕೇತೋಹಳ್ಳಿಯಲ್ಲಿರುವ ದೊಡ್ಡ ಆಲದ ಮರವನ್ನು ಉದಾಹರಣೆಯಾಗಿ ಕೊಟ್ಟು, ಅಲ್ಲಿ ರಸ್ತೆಯಿದ್ದರೂ ಮರ ಉಳಿದಿಲ್ಲವೇ ಎನ್ನುವವರಿದ್ದಾರೆ. ಉಳಿದಿದೆ. ಆದರೆ ಅದರ ಮೂಲ ಕಾಂಡ ರೋಗಕ್ಕೆ ತುತ್ತಾಗಿ ಇಲ್ಲವಾಗಿ ವರ್ಷಗಳೇ ಸಂದವು. ಇಂದು ನಾವು ನೋಡುವುದು ನೆಲಕ್ಕಿಳಿದು ಕಾಂಡಗಳಾದ ಬಿಳಲುಗಳ ಸಂಸಾರವನ್ನು. ಆಲಕ್ಕೆ ಬಿಳಲುಗಳಿವೆ. ಸಂಪಿಗೆಗೆ ಬಿಳಲಿಲ್ಲ.

ಇನ್ನು ತೊಗಟೆಯ ಪ್ರಶ್ನೆ. ವೈದ್ಯರಾಗಿ ಇದನ್ನು ಕುರಿತು ಹೇಳುವ ಅಧಿಕಾರವೂ ಹೊಣೆಯೂ ನಮಗೆ ಹೆಚ್ಚು. ಚಂಪಕ ನಮ್ಮ ಶಾಸ್ತ್ರದಲ್ಲಿ ಅಪರಿಚಿತವಲ್ಲ. ಭಾವಪ್ರಕಾಶದಲ್ಲಿ ಅದನ್ನು ಪುಷ್ಪಗಳ ವರ್ಗದಲ್ಲಿ ಸೇರಿಸಿ, ಶೀತಗುಣದ್ದೆಂದೂ ಮೂತ್ರಕೃಚ್ಛ್ರ, ಕ್ರಿಮಿ, ರಕ್ತಪಿತ್ತ ಮೊದಲಾದವುಗಳಲ್ಲಿ ಹಿತವೆಂದೂ ಹೇಳಿದೆ. ಹೂವಿನ ವರ್ಗದಲ್ಲಿ ಹೇಳಿರುವುದನ್ನು ಗಮನಿಸಬೇಕು. ಹೂವು ಮರವೇ ಉದುರಿಸಿಕೊಡುವ ವಸ್ತು. ತೊಗಟೆಯ ಬಳಕೆಯೂ ಜನರಲ್ಲುಂಟು, ಅಲ್ಲಗಳೆಯುವುದಿಲ್ಲ. ಆದರೆ ಅದಕ್ಕೆ ಹೇಳುವ ಉಪಯೋಗಗಳಲ್ಲಿ ಯಾವುದೂ ಬೇರೆ ಸುಲಭದ ದ್ರವ್ಯದಿಂದ ಸಾಧ್ಯವಾಗದ್ದಲ್ಲ. ಮೂತ್ರಕೃಚ್ಛ್ರಕ್ಕೆ ಹೊಲದ ಬದುವಿನ ನೆಗ್ಗಿಲು ಸಾಲದೇ? ಸಾವಿರ ಸಂಪಿಗೆ ಸಸಿಗಳನ್ನು ನರ್ಸರಿಯಲ್ಲಿ ಬೆಳೆಸಬಹುದಾದ ಕಾಲದಲ್ಲಿ, ಔಷಧಿಯ ಹೆಸರು ಹೇಳಿಕೊಂಡು ಆ ಮುತ್ತಜ್ಜನ ಮೈಗೆ ಕುಡುಗೋಲು ಹಾಕುವ ಮಾತೇಕೆ? ಹಳೆಯ ಮರದ ತೊಗಟೆಗೆ ಶಕ್ತಿ ಹೆಚ್ಚೆಂಬುದು ಒಂದು ಮೂಢ ನಂಬಿಕೆ. ಹಳೆಯದಾದಷ್ಟೂ ಗುಣ ಹೆಚ್ಚುವ ವಸ್ತುಗಳನ್ನು ಶಾಸ್ತ್ರವೇ ಹೆಸರಿಸಿದೆ. ತುಪ್ಪ, ಜೇನು, ಬೆಲ್ಲ ಮೊದಲಾದವು ಅಲ್ಲಿವೆ. ಮುದಿಮರದ ತೊಗಟೆ ಆ ಪಟ್ಟಿಯಲ್ಲಿಲ್ಲ.

ತೊಗಟೆ ಎಂಬುದು ಮರದ ಅಂಗಿಯಲ್ಲ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವ ನಾಳಗಳು ಅದರ ಒಳಪದರಿನಲ್ಲಿವೆ. ಸುತ್ತಲೂ ಒಂದು ಪಟ್ಟಿಯಷ್ಟು ಸುಲಿದರೆ ಬೇರು ಉಪವಾಸ ಬೀಳುತ್ತದೆ, ಮರ ನಿಂತಲ್ಲಿಯೇ ಸಾಯುತ್ತದೆ. ಸುತ್ತಲೂ ಸುಲಿಯದೆ ಅಲ್ಲಲ್ಲಿ ಕೆತ್ತಿದರೂ ಶಿಲೀಂಧ್ರಕ್ಕೂ ಕೀಟಕ್ಕೂ ಬಾಗಿಲು ತೆರೆದಂತೆಯೇ. ಒಬ್ಬರು ಒಂದು ಬೆರಳಗಲ ಕೆತ್ತಿಕೊಂಡರೆ ಏನಾದೀತು ಎಂದು ಕೇಳುವವರಿಗೆ, ರಸ್ತೆ ಬಂದ ಮೇಲೆ ಒಂದು ಭಾನುವಾರಕ್ಕೆ ಎಷ್ಟು ಜನ ಬರುತ್ತಾರೆ ಎಂದು ಎಣಿಸಿ ನೋಡಿ ಎಂದಷ್ಟೇ ಹೇಳಬಲ್ಲೆವು.

ನಮ್ಮ ವೃತ್ತಿಯ ಕಡೆಗೂ ಬೆರಳು ತೋರಿಸದೆ ಈ ಮಾತು ಪೂರ್ಣವಾಗದು. ಸ್ತ್ರೀರೋಗಗಳಿಗೆ ಕೊಡುವ ಅಶೋಕಾರಿಷ್ಟದ ಮುಖ್ಯ ದ್ರವ್ಯ ಅಶೋಕದ ತೊಗಟೆ. ಅದಕ್ಕಾಗಿ ಕಾಡಿನ ಅಶೋಕಗಳನ್ನು ಎಷ್ಟು ಸುಲಿದರೆಂದರೆ, ಇಂದು ಅದು ಅಳಿವಿನ ಭೀತಿಯ ಸಸ್ಯಗಳ ಪಟ್ಟಿಯಲ್ಲಿದೆ. ಮಾರುಕಟ್ಟೆಗೆ ಅಶೋಕವೆಂದು ಬರುವುದರಲ್ಲಿ ರಸ್ತೆಬದಿಯ ಕಂಬದಂಥ ಅಲಂಕಾರದ ಮರದ ತೊಗಟೆಯೂ ಬೆರೆತಿರುತ್ತದೆ. ದಶಮೂಲದ ಹತ್ತು ಬೇರುಗಳಲ್ಲಿ ಐದು ಬೇರುಗಳು ದೊಡ್ಡ ಮರಗಳವು: ಬಿಲ್ವ, ಅಗ್ನಿಮಂಥ, ಶ್ಯೋನಾಕ, ಪಾಟಲ, ಗಂಭಾರಿ. ಬೇರು ತೆಗೆದರೆ ಮರವೆಲ್ಲಿ ಉಳಿದೀತು? ಮೈಕೈನೋವಿಗೆ ದಶಮೂಲಾರಿಷ್ಟವನ್ನು ಶರಬತ್ತಿನಂತೆ ಕುಡಿಯುವವರೂ, ರೋಗವಿಲ್ಲದವರಿಗೂ ಅದನ್ನು ಧಾರಾಳವಾಗಿ ಬರೆದುಕೊಡುವ ನಮ್ಮ ಸಹೋದ್ಯೋಗಿಗಳೂ ಇದನ್ನು ಒಮ್ಮೆ ಯೋಚಿಸಬೇಕು. ಬೇರಿನ ಬದಲು ಕೊಂಬೆಯನ್ನು, ದೊಡ್ಡ ಮರದ ಬದಲು ಬೆಳೆಸಿದ ಎಳೆಯ ಗಿಡವನ್ನು ಬಳಸುವ ದಿಕ್ಕಿನಲ್ಲಿ ವಿದ್ವಾಂಸರು ವಿಚಾರ ಮಾಡುತ್ತಿದ್ದಾರೆ. ಅದು ಶಾಸ್ತ್ರದ್ರೋಹವೆಂದು ಗೊಣಗುವವರ ಪಕ್ಷ ನಮ್ಮದಲ್ಲ. ಔಷಧವನ್ನು ಸಂಗ್ರಹಿಸುವವನು ಶುಚಿಯಾಗಿ, ಶುಭ್ರವಸ್ತ್ರ ಧರಿಸಿ, ಪೂಜೆ ಸಲ್ಲಿಸಿ ಗಿಡದ ಬಳಿಗೆ ಹೋಗಬೇಕೆಂದು ಚರಕಸಂಹಿತೆ ವಿಧಿಸಿದ್ದು ಸುಮ್ಮನೆಯೇ? ಕೀಳುವ ಕೈಗೆ ಒಂದು ಹಿಂಜರಿಕೆ ಇರಲಿ ಎಂಬುದೇ ಅದರ ಆಶಯವೆಂದು ನಾವು ತಿಳಿದಿದ್ದೇವೆ.

ಅದೇ ಚರಕಸಂಹಿತೆಯ ಮೊದಲ ಅಧ್ಯಾಯದಲ್ಲಿ ಕುರಿ, ಮೇಕೆ, ದನ ಕಾಯುವವರೂ ವನವಾಸಿಗಳೂ ಮೂಲಿಕೆಗಳನ್ನು ಹೆಸರು ರೂಪಗಳಿಂದ ಬಲ್ಲರು ಎಂಬ ಮಾತಿದೆ. ಬಿಳಿಗಿರಿಯಲ್ಲಿ ಆ ಮಾತಿನ ಜೀವಂತ ವ್ಯಾಖ್ಯಾನವೇ ಸೋಲಿಗರು. ಅವರ ಕಾಡು ನಮ್ಮ ನಕ್ಷೆಯ ಕಾಡಲ್ಲ. ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂದು ಪವಿತ್ರ ನೆಲೆಗಳನ್ನು ಗುರುತಿಸಿ, ಎಲ್ಲೆ ಹಾಕಿಕೊಂಡು ಕಾಯ್ದ ಕಾಡು. 2011ರಲ್ಲಿ ಅರಣ್ಯ ಹಕ್ಕು ಕಾಯಿದೆಯಡಿ ಅಲ್ಲಿನ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಗಳು ದೊರೆತುದು ದೇಶದಲ್ಲಿಯೇ ಗಮನ ಸೆಳೆದ ಸಂಗತಿ. ಅವರ ಅರಿವಿಗೆ ಒಂದು ನಿದರ್ಶನ ಹೇಳಬೇಕು. ನಾವು ಚ್ಯವನಪ್ರಾಶಕ್ಕೂ ತ್ರಿಫಲಕ್ಕೂ ಬಳಸುವ ನೆಲ್ಲಿ ಅವರಿಗೆ ಬಹುಕಾಲ ಜೀವನೋಪಾಯವಾಗಿತ್ತು. ಬೆಟ್ಟದ ನೆಲ್ಲಿಮರಗಳನ್ನು ಬಂದಳಿಕೆ ಮುತ್ತಿ ಒಣಗಿಸತೊಡಗಿದಾಗ, ಅದನ್ನು ಉಪ್ಪಿಲು ಎಂದು ಕರೆಯುವ ಸೋಲಿಗರು ಕಾರಣವನ್ನೂ ಹೇಳಿದರು. ಹಿಂದೆ ಬೇಸಿಗೆಯ ಮೊದಲಿಗೆ ತಾವು ಹಾಕುತ್ತಿದ್ದ ಹಗುರವಾದ ತರಗುಬೆಂಕಿ ನಿಂತುದರಿಂದ ಉಪ್ಪಿಲೂ ಹೆಚ್ಚಿತು, ಲಂಟಾನವೂ ಹೆಚ್ಚಿತು ಎಂಬುದು ಅವರ ವಾದ. ಸಂಶೋಧಕರು ಆ ವಾದವನ್ನು ಗಂಭೀರವಾಗಿ ಪರಿಶೀಲಿಸಿದ್ದಾರೆ. ಈ ಬೆಟ್ಟದಲ್ಲಿ ಲಂಟಾನದ ಪೊದೆ ಎಷ್ಟು ದೂರ ಹಬ್ಬಿದೆ ಎಂಬುದನ್ನು ಕಾರಿನ ಕಿಟಕಿಯಿಂದಲೂ ಕಾಣಬಹುದು. ದೊಡ್ಡಸಂಪಿಗೆಗೆ ಯಾರು, ಎಷ್ಟು ಜನ, ಯಾವ ದಾರಿಯಲ್ಲಿ ಬರಬೇಕು ಎಂಬುದನ್ನು ನಿರ್ಧರಿಸುವಾಗ ಮೊದಲು ಕೇಳಬೇಕಾದ ಮಾತು ಇವರದು. ವೈದ್ಯರಾದ ನಮ್ಮದೂ ಅನಂತರದ್ದು.

ನಮ್ಮ ಪತ್ರಿಕೆಯ ವಾಚಕರಲ್ಲಿ ಮತ್ತೊಂದು ಶಂಕೆ ಏಳಬಹುದು. ಇಷ್ಟಲಿಂಗವನ್ನು ಧರಿಸಿದವರಿಗೆ ಮರದ ದರ್ಶನವೇಕೆ, ಬಸವಾದಿ ಶರಣರು ಮರ ಕಲ್ಲುಗಳ ಪೂಜೆಯನ್ನು ಪ್ರಶ್ನಿಸಿದವರಲ್ಲವೇ ಎಂದು. ಪ್ರಶ್ನಿಸಿದರು, ನಿಜ. ಅವರು ಪ್ರಶ್ನಿಸಿದ್ದು ಮರವನ್ನಲ್ಲ, ಮರದೊಡನೆ ಮಾಡುವ ವ್ಯಾಪಾರವನ್ನು ಎಂದು ನಾವು ಭಾವಿಸುತ್ತೇವೆ. ಹರಕೆ ಹೊತ್ತು ವರ ಬೇಡುವುದು ವ್ಯಾಪಾರವಾದರೆ ಕೈಮುಗಿದು ತೊಗಟೆ ಬೇಡುವುದೂ ಅದೇ. ಅಕ್ಕಮಹಾದೇವಿ ಶ್ರೀಶೈಲದ ಕಾಡಿನಲ್ಲಿ ನಡೆದು ಗಿಡಮರಗಳನ್ನೂ ಹಕ್ಕಿಗಳನ್ನೂ ಮಾತನಾಡಿಸಿದರು; ಅವುಗಳಿಂದ ಅವರು ಕೇಳಿದ್ದು ಚೆನ್ನಮಲ್ಲಿಕಾರ್ಜುನನ ಸುಳಿವನ್ನೇ ಹೊರತು ಮದ್ದನ್ನಲ್ಲ. ಶರಣಗಣದಲ್ಲಿ ವೈದ್ಯವನ್ನೇ ಕಾಯಕವಾಗಿಸಿಕೊಂಡ ವೈದ್ಯ ಸಂಗಣ್ಣನವರಿದ್ದರು. ವಾತ ಪಿತ್ತ ಕಫಗಳ ಮಾತನ್ನು ಶಿವತತ್ತ್ವಕ್ಕೆ ಹೊಂದಿಸಿ ವಚನ ಬರೆದವರು. ಅವರ ಕಾಯಕವನ್ನೇ ನಡೆಸಿಕೊಂಡು ಬಂದಿರುವ ನಮಗೆ, ರೋಗಿ ಎಂದರೆ ಮನುಷ್ಯ ಮಾತ್ರವೇ ಎಂಬ ಪ್ರಶ್ನೆ ಈಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಎದುರಾಗುತ್ತಿದೆ. ದೊಡ್ಡಸಂಪಿಗೆಗೆ ಕೈಮುಗಿಯುವುದೂ ಬಿಡುವುದೂ ಅವರವರ ನಿಷ್ಠೆ. ಮೈಮುಟ್ಟಿ ಕೆತ್ತದಿರುವುದರಲ್ಲಿ ಮಾತ್ರ ಎರಡು ಮಾತಿಲ್ಲ.

ಹಾಗಾದರೆ ಆ ಎಪ್ಪತ್ತೈದರ ತಾಯಿಗೆ ಏನು ಹೇಳುವುದು? ನಾವು ಹೇಳುವುದು ಇಷ್ಟು: ಅಮ್ಮಾ, ನಾಳೆಯೇ ಹೊರಡಬೇಡಿ, ಎರಡು ಮಂಡಲ ಸಿದ್ಧರಾಗಿ. ನಲವತ್ತೆಂಟು ದಿನ ಸಮನೆಲದ ಮೇಲೆ ನಡಿಗೆ. ಮೊದಲ ವಾರ ಬೆಳಿಗ್ಗೆ ಹತ್ತು ನಿಮಿಷ ಸಾಕು. ನೋವು ಮರುದಿನದವರೆಗೂ ಉಳಿಯದಿದ್ದರೆ ವಾರಕ್ಕೆ ಐದು ನಿಮಿಷ ಹೆಚ್ಚಿಸುತ್ತ ಹೋಗಿ. ಕುರ್ಚಿಯಲ್ಲಿ ಕುಳಿತು ಒಂದೊಂದೇ ಕಾಲನ್ನು ನೇರವಾಗಿ ಚಾಚಿ ಹತ್ತು ಎಣಿಸುವವರೆಗೆ ಹಿಡಿದು ಇಳಿಸುವುದು, ದಿನಕ್ಕೆ ಎರಡು ಹೊತ್ತು. ತೊಡೆಯ ಮುಂಭಾಗದ ಸ್ನಾಯು ಗಟ್ಟಿಯಾದರೆ ಮಂಡಿಯ ಭಾರವನ್ನು ಅದು ಹೊರುತ್ತದೆ. ಬಿಸಿ ಎಣ್ಣೆಯ ಅಭ್ಯಂಗ, ಅಗತ್ಯವಿದ್ದವರಿಗೆ ಜಾನುಬಸ್ತಿ. ರಾತ್ರಿ ಊಟ ಹಗುರವಾಗಲಿ, ಮೂರು ಕಿಲೋ ತೂಕ ಇಳಿದರೂ ಮಂಡಿಗೆ ಅದು ದೊಡ್ಡ ಉಪಕಾರ. ಎರಡನೆಯ ಮಂಡಲದಲ್ಲಿ ಮನೆಯ ಮೆಟ್ಟಿಲನ್ನು ಕಟಕಟೆ ಹಿಡಿದು ಹತ್ತಿಳಿಯುವ ಅಭ್ಯಾಸ. ಮುಕ್ಕಾಲು ಗಂಟೆ ಮಾತನಾಡುತ್ತ ನಡೆಯಲು ಬಂದರೆ ದೊಡ್ಡಸಂಪಿಗೆ ದೂರವಿಲ್ಲ. ಹೀಗೆ ಸಿದ್ಧತೆ ಮಾಡಿಕೊಂಡು ಹೋಗಿಬಂದವರು, ಮರವನ್ನು ಕಂಡ ಸಂತೋಷಕ್ಕಿಂತ ಹೆಚ್ಚಾಗಿ, ಮನೆಯ ಮಹಡಿಯನ್ನು ಮತ್ತೆ ಹತ್ತಲು ಸಾಧ್ಯವಾದ ಸಂತೋಷವನ್ನು ನಮ್ಮಲ್ಲಿ ಹೇಳಿಕೊಂಡದ್ದುಂಟು. ಬುಡಕ್ಕೆ ರಸ್ತೆಯಿದ್ದಿದ್ದರೆ ಈ ಎರಡನೆಯದು ಅವರಿಗೆ ದೊರೆಯುತ್ತಿರಲಿಲ್ಲ.

ಸಿದ್ಧತೆಯಿಂದಲೂ ಆಗದವರಿರುತ್ತಾರೆ. ಅವರಿಗೆ ಸುಳ್ಳು ಆಸೆ ಹುಟ್ಟಿಸಲಾರೆವು. ಅವರು ದೊಡ್ಡಸಂಪಿಗೆಯನ್ನು ನೋಡದೆಯೇ ಉಳಿಯಬಹುದು. ಮಠದ ಆವರಣದಲ್ಲಿ, ಊರ ಕೆರೆಯ ಏರಿಯ ಮೇಲೆ, ಶಾಲೆಯ ಹಿಂದೆ ಹಳೆಯ ಮರವೊಂದಿಲ್ಲದ ಊರು ನಮ್ಮ ಸೀಮೆಯಲ್ಲಿ ವಿರಳ. ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ದೊಡ್ಡಹುಣಸೆ ಎಂದು ಕರೆಯುವ ಆಫ್ರಿಕಾ ಮೂಲದ ಬೃಹತ್ ಮರಗಳನ್ನು ಮಠವೊಂದರ ಆವರಣವೇ ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿದೆ. ಅಂಥ ಮರದ ನೆರಳಿಗೆ ದಿನವೂ ಸಂಜೆ ಹೋಗಿ ಕುಳಿತುಬರುವುದು, ವರ್ಷಕ್ಕೊಮ್ಮೆ ಬೆಟ್ಟಕ್ಕೆ ಹೋಗಿ ಬರುವುದಕ್ಕಿಂತ ದೇಹಕ್ಕೆ ಹೆಚ್ಚು ಹಿತವೆಂದು ಹೇಳಲು ನಮಗೆ ಸಂಕೋಚವಿಲ್ಲ.

ಹೊರಡುವವರಿಗೆ ಕೆಲವು ಸೂಚನೆಗಳು. ಹೇಮಂತ, ಶಿಶಿರಗಳ ಬೆಳಗಿನ ಹೊತ್ತು ಉತ್ತಮ. ಮಳೆಗಾಲದಲ್ಲಿ ದಾರಿ ಜಾರುತ್ತದೆ, ಜಿಗಣೆಯೂ ಇರುತ್ತದೆ. ರಾಗಿಯ ಅಂಬಲಿಯನ್ನೋ ಎರಡು ಇಡ್ಲಿಯನ್ನೋ ಸೇವಿಸಿ ಹೊರಡಿ. ಬರಿಹೊಟ್ಟೆಯೂ ತುಂಬಿದ ಹೊಟ್ಟೆಯೂ ಸಲ್ಲದು. ಮಧುಮೇಹದ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರ ಜೇಬಿನಲ್ಲಿ ಒಂದು ಅಚ್ಚು ಬೆಲ್ಲ ಇರಲೇಬೇಕು. ಎದೆಯಲ್ಲಿ ಬಿಗಿತ, ಮಾತನಾಡಲಾಗದಷ್ಟು ಏದುಸಿರು ಕಂಡರೆ ಅಲ್ಲಿಂದಲೇ ಹಿಂದಿರುಗಿ. ಮರ ಮುಂದಿನ ವರ್ಷವೂ ಅಲ್ಲಿಯೇ ಇರುತ್ತದೆ. ಕೈಯಲ್ಲಿ ಕೋಲಿರಲಿ. ಮರದ ಬುಡದ ಹತ್ತಿರ ಪಾದರಕ್ಷೆ ಕಳಚುವುದು ಗೌರವದ ನಡೆ. ಆದರೆ ಮಧುಮೇಹದಿಂದ ಪಾದಗಳ ಸ್ಪರ್ಶಜ್ಞಾನ ಕುಂದಿದವರು ಬರಿಗಾಲಿನಲ್ಲಿ ಹೋಗಬಾರದು. ಸ್ವಲ್ಪ ದೂರದಲ್ಲಿ ನಿಂತೇ ನೋಡಲಿ. ಮರ ಅಷ್ಟು ದೊಡ್ಡದಿರುವುದರಿಂದ ಇದರಲ್ಲಿ ನಷ್ಟವೇನೂ ಇಲ್ಲ. ಊದುಬತ್ತಿ, ಕರ್ಪೂರ, ಬೆಂಕಿಪೊಟ್ಟಣ ಮನೆಯಲ್ಲಿಯೇ ಇರಲಿ.

ಚಳಿಗಾಲದಿಂದ ಬೇಸಿಗೆಯವರೆಗೆ ಕಾಡಿನಲ್ಲಿ ಉಣ್ಣೆಗಳ ಕಾಟ ಹೆಚ್ಚು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಈ ಉಣ್ಣೆಗಳಿಂದ ಹರಡುವುದು. ಅದು ಮಲೆನಾಡಿಗಷ್ಟೇ ಸೀಮಿತವಲ್ಲ, 2012ರಲ್ಲಿ ಚಾಮರಾಜನಗರ ಜಿಲ್ಲೆಯಲ್ಲಿಯೂ ಕಾಣಿಸಿಕೊಂಡಿತು. ಆದ್ದರಿಂದ ತುಂಬುತ್ತೋಳಿನ ಅಂಗಿ, ಉದ್ದನೆಯ ಷರಾಯಿ ತೊಟ್ಟು ಅದರ ಅಂಚನ್ನು ಕಾಲುಚೀಲದೊಳಗೆ ಸೇರಿಸಿ. ಹೆಂಗಸರು ಸೀರೆಯ ಒಳಗೆ ಉದ್ದದ ಪೈಜಾಮ ತೊಡಬಹುದು. ತರಗೆಲೆಯ ಮೇಲೆ ಕುಳಿತು ಬುತ್ತಿ ಬಿಚ್ಚಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಸಿಬ್ಬಂದಿಗೆ ತಿಳಿಸಿ. ಮನೆಗೆ ಬಂದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪಿನಿಂದ ಸ್ನಾನ ಮಾಡಿ, ಕಂಕುಳು, ತೊಡೆಸಂದು, ಮಂಡಿಯ ಹಿಂಭಾಗ, ಕಿವಿಯ ಹಿಂದೆ ಉಣ್ಣೆ ಕಚ್ಚಿಕೊಂಡಿದೆಯೇ ಎಂದು ನೋಡಿಕೊಳ್ಳಬೇಕು. ಕಂಡರೆ ಚಿಮುಟದಿಂದ ಚರ್ಮದ ಹತ್ತಿರಕ್ಕೆ ಹಿಡಿದು ಮೆಲ್ಲಗೆ ಎಳೆಯಬೇಕು. ಹೋಗಿಬಂದ ಎರಡು ಮೂರು ವಾರಗಳೊಳಗೆ ಜೋರಾದ ಜ್ವರ, ತಲೆನೋವು, ಮೈನೋವು ಬಂದರೆ, ಅಥವಾ ಮೈಮೇಲೆ ಕಪ್ಪು ಹಕ್ಕಳೆಯ ಸಣ್ಣ ಗಾಯ ಕಂಡರೆ, ಅಮೃತಬಳ್ಳಿಯ ಕಷಾಯ ಕುಡಿಯುತ್ತ ಕಾಯಬೇಡಿ. ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ, ಕಾಡಿಗೆ ಹೋಗಿದ್ದೆವೆಂದು ಮೊದಲು ತಿಳಿಸಿ, ರಕ್ತಪರೀಕ್ಷೆ ಮಾಡಿಸಿಕೊಳ್ಳಿ.